ಜಾಲತಾಣವೂ ಅಂಗಡಿಯೇ

ಮುಂಬಯಿಯಲ್ಲಿ ಉಪಾಹಾರಗೃಹಗಳನ್ನು ಕಟ್ಟಿದ ನಮ್ಮ ಹಿರಿಯರು ಗಿರಾಕಿಯನ್ನು ಕಾಯಿಸುತ್ತಿರಲಿಲ್ಲ. ಕುಳಿತೊಡನೆ ನೀರಿನ ಲೋಟ ಮುಂದಿರುತ್ತಿತ್ತು. ಅವರ ಮಕ್ಕಳು ಇಂದು ತೆರೆದಿರುವ ಎಷ್ಟೋ ಜಾಲತಾಣಗಳಲ್ಲಿ ಈ ಉಪಚಾರವನ್ನು ನಾವು ಕಾಣೆವು.

ಪುಟದ ಮುಖ್ಯಭಾಗವು 2.5 ಸೆಕೆಂಡಿನೊಳಗೆ ಮೂಡಬೇಕೆಂಬುದು ಗೂಗಲ್ ಸಂಸ್ಥೆಯು 2020ರಲ್ಲಿ ಸಾರಿದ ಅಳತೆ. ಭಾರವಾದ ಚಿತ್ರಗಳನ್ನು ಮೊದಲು ಹಗುರಗೊಳಿಸಬೇಕು. ಪುಟವು ಮೊಬೈಲಿನ ಕಿರುಪರದೆಗೆ ಹೊಂದಬೇಕು. ದರಪಟ್ಟಿ, ವಿಳಾಸ, ತೆರೆದಿರುವ ವೇಳೆ, ದೂರವಾಣಿ ಸಂಖ್ಯೆ ಮೊದಲ ನೋಟಕ್ಕೇ ದೊರೆಯಬೇಕು. ಎಚ್‌ಟಿಟಿಪಿಎಸ್ ರಕ್ಷಣೆಯಿಲ್ಲದ ತಾಣಗಳಿಗೆ ಕ್ರೋಮ್ 2018ರ ಜುಲೈಯಲ್ಲಿಯೇ ‘ಸುರಕ್ಷಿತವಲ್ಲ’ವೆಂಬ ಹಣೆಪಟ್ಟಿ ಹಚ್ಚತೊಡಗಿತು, ಅದನ್ನು ಕಂಡವನು ಒಳಗೆ ಬಂದಾನೆಯೆ?

ಹೋದ ವರ್ಷದ ದರವನ್ನೇ ತೋರುವ ತಾಣವು ಹಳಸಿದ ಸಾಂಬಾರಿನಂತೆ; ಒಮ್ಮೆ ಉಂಡವನು ಮರಳಿ ಬಾರನು. ಹಿರಿಯರು ಮುಂಜಾನೆ ಅಂಗಡಿ ಗುಡಿಸುತ್ತಿದ್ದಂತೆ ತಾಣವನ್ನೂ ನಿತ್ಯ ನೋಡಿಕೊಳ್ಳಬೇಕೆಂಬುದು ನಮ್ಮ ಬಿನ್ನಹ.