ರಹಸ್ಯವೇ ಇರಲಿಲ್ಲ, ಮಾರಿದ್ದೇನು?

‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?’

ಆಡುತ್ತದೆ. 1994ರ ಅಕ್ಟೋಬರ್‌ನಲ್ಲಿ ತಿರುವನಂತಪುರದ ಪೊಲೀಸರು ಮಾಲ್ದೀವ್ಸ್‌ನ ಮಹಿಳೆಯೊಬ್ಬರನ್ನು ಬಂಧಿಸಿದಾಗ ಇದ್ದ ಆರೋಪ ಇಷ್ಟೇ: ವೀಸಾ ಮುಗಿದರೂ ದೇಶ ಬಿಟ್ಟಿಲ್ಲ. ತಿಂಗಳು ತುಂಬುವಷ್ಟರಲ್ಲಿ ಅದು ರಾಕೆಟ್ ರಹಸ್ಯಗಳನ್ನು ಪಾಕಿಸ್ತಾನಕ್ಕೆ ಮಾರಿದ ಕಥೆಯಾಗಿ ಪತ್ರಿಕೆಗಳಲ್ಲಿ ದಿನಕ್ಕೊಂದು ಕಂತಿನಂತೆ ಬರತೊಡಗಿತು. ನವೆಂಬರ್ 30ರಂದು ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಬಂಧನವಾಯಿತು.

ಮಾರಿದರೆಂದು ಹೇಳಿದ್ದು ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನವನ್ನು. ಅದು ಆಗ ಇಸ್ರೋ ಬಳಿ ಇರಲೇ ಇಲ್ಲ! ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಅದನ್ನು ಕೊಡಲು ಒಪ್ಪಿತ್ತು, ಆದರೆ ಅಮೆರಿಕದ ಒತ್ತಡಕ್ಕೆ ಮಣಿದು 1993ರಲ್ಲೇ ಹಿಂದೆ ಸರಿದಿತ್ತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಕೊಟ್ಟಿಗೆಯಲ್ಲಿ ಇಲ್ಲದ ಎಮ್ಮೆಯ ಹಾಲು ಮಾರಿದ ಆರೋಪ ಇದು. ಇಷ್ಟನ್ನು ವಿಚಾರಿಸಲು ಬೇಹುಗಾರಿಕೆ ಇಲಾಖೆ ಬೇಕಿರಲಿಲ್ಲ, ಒಬ್ಬ ವಿಜ್ಞಾನ ವರದಿಗಾರ ಸಾಕಿತ್ತು.

‘ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾರಲ್ಲ?’

ಈ ಪ್ರಕರಣದಲ್ಲೂ ತಪ್ಪೊಪ್ಪಿಗೆಗಳಿದ್ದವು. ಸಿಬಿಐ ತನಿಖೆಯಲ್ಲಿ ಅವು ಒಂದಕ್ಕೊಂದು ತಾಳೆಯಾಗಲಿಲ್ಲ. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ತಾವೇ ಕಟ್ಟಿದ ಪೊಲೀಸರನ್ನು ಬ್ರಿಟಿಷರೇ ಅಷ್ಟರಮಟ್ಟಿಗೆ ನಂಬಿರಲಿಲ್ಲ. ನಾವು ಮಾತ್ರ ‘ತಪ್ಪೊಪ್ಪಿಕೊಂಡ ಆರೋಪಿ’ ಎಂಬ ತಲೆಬರಹ ಕಂಡೊಡನೆ ಪುಟ ತಿರುಗಿಸುತ್ತೇವೆ.

‘ಸಾಕ್ಷ್ಯ ಸಾಲದೆ ಬಿಟ್ಟರು, ಅಷ್ಟೇ.’

ಹಾಗಲ್ಲ. 1996ರಲ್ಲಿ ಸಿಬಿಐ ಹೇಳಿದ್ದು ಆರೋಪಗಳೇ ಸುಳ್ಳೆಂದು. ಎರ್ನಾಕುಳಂನ ನ್ಯಾಯಾಲಯ ಆ ವರದಿಯನ್ನು ಒಪ್ಪಿತು. ಆದರೂ ಕೇರಳ ಸರ್ಕಾರ ತನ್ನ ಪೊಲೀಸರಿಂದ ಮತ್ತೆ ತನಿಖೆ ಮಾಡಿಸಹೊರಟಿತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು.

‘ಕೊನೆಗೂ ನ್ಯಾಯ ಸಿಕ್ಕಿತಲ್ಲ!’

2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ನಂಬಿಯವರ ಬಂಧನ ಅನಗತ್ಯವಾಗಿತ್ತೆಂದು ಹೇಳಿ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮರುವರ್ಷ ಪದ್ಮಭೂಷಣ ಬಂತು. ನಮಗೆ ನೆನಪಿರುವುದು ಇಷ್ಟೇ. ಗ್ಲಾವ್‌ಕಾಸ್ಮಾಸ್‌ನ ಭಾರತದ ಪ್ರತಿನಿಧಿಯಾಗಿದ್ದವರೊಬ್ಬರು ಇದೇ ಪ್ರಕರಣದಲ್ಲಿ ಸಿಲುಕಿದ್ದರು. ಆಮೇಲೆ ಬೆಂಗಳೂರಿನಲ್ಲಿ ಯಾರ ಗಮನಕ್ಕೂ ಬರದಂತೆ ಬದುಕಿದ್ದರು. ತೀರ್ಪು ಬಂದ ದಿನ ಅವರು ಆಸ್ಪತ್ರೆಯಲ್ಲಿ ಪ್ರಜ್ಞೆ ಕಳೆದುಕೊಂಡಿದ್ದರು. ಎರಡು ದಿನಕ್ಕೆ, ತೀರ್ಪಿನ ಸುದ್ದಿ ಕಿವಿಗೆ ಬೀಳದೆಯೇ, ತೀರಿಕೊಂಡರು.

‘ಹಾಗಾದರೆ ಖುಲಾಸೆಯಾದ ಪ್ರತಿ ಪ್ರಕರಣದಲ್ಲೂ ದೂರು ಕೊಟ್ಟವರು ಸುಳ್ಳುಗಾರರೇ.’

ಇದು ಹಿಂದಿನ ಎಲ್ಲಕ್ಕಿಂತ ಅಪಾಯಕಾರಿ ತರ್ಕ. ಅತ್ಯಾಚಾರದ ದೂರು ಕೊಟ್ಟ ಹೆಣ್ಣುಮಕ್ಕಳ ಮೇಲೆ ಇದನ್ನು ಪ್ರಯೋಗಿಸುವವರು ಬಹಳ. ಸಂಶಯದ ಲಾಭ ಆರೋಪಿಗೆ ಸಿಕ್ಕಿತೆಂದರೆ ಆರೋಪ ಸಾಬೀತಾಗಲಿಲ್ಲ ಎಂದಷ್ಟೇ ಅರ್ಥ. ದೂರು ಸುಳ್ಳೆನ್ನಲು, ಆಧಾರವಿಲ್ಲವೆಂದು ಗೊತ್ತಿದ್ದೂ ಕೇಡು ಮಾಡಲೆಂದೇ ಅದನ್ನು ಕೊಟ್ಟರೆಂಬುದು ಬೇರೆಯಾಗಿಯೇ ಸಾಬೀತಾಗಬೇಕು. ಅಂದಹಾಗೆ, ಇಸ್ರೋ ಪ್ರಕರಣದಲ್ಲಿ ಕಥೆ ಹುಟ್ಟಿದ್ದು ಯಾವ ದೂರುದಾರರಿಂದಲೂ ಅಲ್ಲ, ತನಿಖೆಯಿಂದ.

‘ಇದೆಲ್ಲ ಅಮೆರಿಕದ ಸಂಚು.’

ನಂಬಿಯವರಿಗೆ ಹಾಗೊಂದು ಅನುಮಾನವಿದೆ. 2022ರಲ್ಲಿ ಅವರ ಜೀವನ ಸಿನಿಮಾ ಆದಮೇಲೆ ಜನರಿಗೆ ಅದು ಅನುಮಾನವಾಗಿ ಉಳಿದಿಲ್ಲ. ಯಾವ ನ್ಯಾಯಾಲಯದಲ್ಲೂ ಅದು ರುಜುವಾತಾಗಿಲ್ಲ. ನಂಬಿಯವರನ್ನು ಸುಳ್ಳು ಪ್ರಕರಣದಲ್ಲಿ ಸಿಲುಕಿಸಿದ್ದರ ಬಗ್ಗೆ 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ತನಿಖೆ ಮುಗಿಸಿ, 2024ರಲ್ಲಿ ಸಿಬಿಐ ಐವರು ಮಾಜಿ ಅಧಿಕಾರಿಗಳ ವಿರುದ್ಧ ಆರೋಪಪಟ್ಟಿ ಸಲ್ಲಿಸಿತು. ಅಂದು ನಂಬಿಯವರನ್ನು ದೇಶದ್ರೋಹಿ ಎಂದ ಅದೇ ಉತ್ಸಾಹದಲ್ಲಿ ಈಗ ಆ ಐವರನ್ನು ಅಪರಾಧಿಗಳೆನ್ನುವವರಿದ್ದಾರೆ. ಸಿಬಿಐ ಸಲ್ಲಿಸಿದ್ದು ಆರೋಪಪಟ್ಟಿ, ತೀರ್ಪಲ್ಲ.