ಪಾಠದ ಪ್ರಶಸ್ತಿ ವಿಭಾಗಕ್ಕೂ ಸಲ್ಲಬೇಕು

ಪ್ರತಿವರ್ಷ ಸೆಪ್ಟೆಂಬರ್ 5 ಸಮೀಪಿಸಿತೆಂದರೆ ಉತ್ತಮ ಶಿಕ್ಷಕರ ಪಟ್ಟಿಗಳು ಪ್ರಕಟವಾಗತೊಡಗುತ್ತವೆ. ಶಾಲು, ಹಾರ, ಫಲಕ, ನಗದು, ಮರುದಿನದ ಪತ್ರಿಕೆಯಲ್ಲಿ ಭಾವಚಿತ್ರ ಇವೆಲ್ಲವೂ ವ್ಯಕ್ತಿಯೊಬ್ಬರಿಗೆ ಸಲ್ಲುತ್ತವೆ. ಶಾಲಾ ಶಿಕ್ಷಕರಿಗೆ ಸಲ್ಲುತ್ತಿದ್ದ ರಾಷ್ಟ್ರೀಯ ಪ್ರಶಸ್ತಿಯ ವ್ಯಾಪ್ತಿಗೆ 2023ರಲ್ಲಿ ಉನ್ನತ ಶಿಕ್ಷಣದ ಅಧ್ಯಾಪಕರೂ ಬಂದರು. ಒಳ್ಳೆಯ ಶಿಕ್ಷಕರನ್ನು ಗುರುತಿಸಿ ಗೌರವಿಸುವ ಬಗ್ಗೆ ಯಾರದೂ ತಕರಾರಿರಲಾರದು. ಆದರೆ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಮಟ್ಟಿಗೆ ಒಂದು ಪ್ರಶ್ನೆ ಉಳಿದೇ ಇದೆ. ಅಲ್ಲಿ ವಿದ್ಯಾರ್ಥಿ ಕಲಿಯುವುದು ಒಬ್ಬ ಗುರುವಿನಿಂದಲೋ, ಒಂದು ವಿಭಾಗದಿಂದಲೋ?

ಪದವಿ ತರಗತಿಗೆ ಸೇರಿದ ವಿದ್ಯಾರ್ಥಿನಿಯೊಬ್ಬಳು ಮೂರು ವರ್ಷಗಳಲ್ಲಿ ತನ್ನ ವಿಷಯವನ್ನು ನಾಲ್ಕಾರು ಮಂದಿ ಅಧ್ಯಾಪಕರಿಂದ ಕಲಿಯುತ್ತಾಳೆ. ಮೊದಲ ಸೆಮಿಸ್ಟರಿನಲ್ಲಿ ಕಲನಶಾಸ್ತ್ರದ ತಳಹದಿ ಸಡಿಲವಾದರೆ, ಮೂರನೆಯ ಸೆಮಿಸ್ಟರಿನ ಅಧ್ಯಾಪಕರು ಎಷ್ಟೇ ಪ್ರತಿಭಾವಂತರಾದರೂ ಅವರ ಪಾಠ ಅವಳ ತಲೆಗೆ ಹತ್ತುವುದಿಲ್ಲ. ಯಾವ ಪತ್ರಿಕೆಯನ್ನು ಯಾರು ಬೋಧಿಸಬೇಕು, ಹಿಂದುಳಿದವರಿಗೆ ಹೆಚ್ಚುವರಿ ತರಗತಿ ಯಾವಾಗ, ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಿದ್ದಿ ತಪ್ಪು ತೋರಿಸಿ ಹಿಂದಿರುಗಿಸುವುದೋ ಅಥವಾ ಅಂಕ ನಮೂದಿಸಿ ಕಪಾಟಿಗೆ ಸೇರಿಸುವುದೋ ಇವೆಲ್ಲ ವಿಭಾಗ ತೀರ್ಮಾನಿಸುವ ಸಂಗತಿಗಳು. ಬೋಧನೆ ಮೂಲತಃ ಕೂಡಿ ಮಾಡುವ ಕೆಲಸ. ನಮ್ಮ ಪ್ರಶಸ್ತಿಗಳು ಮಾತ್ರ ಅದನ್ನು ಏಕವ್ಯಕ್ತಿ ಪ್ರದರ್ಶನವೆಂದೇ ಪರಿಗಣಿಸಿವೆ.

ಈ ಕೊರತೆಯನ್ನು ಕೆಲವು ದೇಶಗಳ ವಿಶ್ವವಿದ್ಯಾಲಯಗಳು ಗುರುತಿಸಿವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಯು 1990ರ ದಶಕದಿಂದ ನೀಡುತ್ತ ಬಂದಿರುವ ಬೋಧನಾ ಪ್ರಶಸ್ತಿಗಳಲ್ಲಿ ಇಬ್ಬರು ಅಧ್ಯಾಪಕರ ಜತೆಗೆ ಒಂದು ವಿಭಾಗಕ್ಕೂ ಸ್ಥಾನವಿದೆ. ನೆಬ್ರಾಸ್ಕ ವಿಶ್ವವಿದ್ಯಾಲಯವೂ ಬೋಧನೆಯಲ್ಲಿ ಒಟ್ಟಾಗಿ ಶ್ರಮಿಸಿದ ವಿಭಾಗವೊಂದನ್ನು ಗೌರವಿಸುತ್ತದೆ. ಬ್ರಿಟನ್ನಿನಲ್ಲಿ ವೈಯಕ್ತಿಕ ಬೋಧನಾ ಫೆಲೋಶಿಪ್‌ಗಳು 2000ದಿಂದಲೇ ಇದ್ದವು. ತಂಡಗಳಿಗೆಂದೇ ಪ್ರತ್ಯೇಕ ಪ್ರಶಸ್ತಿ 2016ರಲ್ಲಿ ಆರಂಭವಾಯಿತು.

ಸಾಕ್ಷ್ಯ ಏನು ಹೇಳುತ್ತದೆ?

ಇದು ಕೇವಲ ಭಾವನೆಯ ಮಾತಲ್ಲ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಯಾವ ಅಧ್ಯಾಪಕರ ತರಗತಿಗೆ ಹಾಕಬೇಕೆಂಬುದನ್ನು ಆಯ್ಕೆಗೆ ಬಿಡದೆ ಯಾದೃಚ್ಛಿಕವಾಗಿ ನಿರ್ಧರಿಸಲಾಗುತ್ತದೆ. ಎಲ್ಲರಿಗೂ ಪರೀಕ್ಷೆ ಒಂದೇ. ಈ ಅನುಕೂಲವನ್ನು ಬಳಸಿಕೊಂಡು ಅರ್ಥಶಾಸ್ತ್ರಜ್ಞರಾದ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕಡಿಮೆ ಅನುಭವದ ಅಧ್ಯಾಪಕರ ವಿದ್ಯಾರ್ಥಿಗಳು ಆ ಕೋರ್ಸಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ತಮ್ಮ ಅಧ್ಯಾಪಕರನ್ನು ಹೆಚ್ಚು ಮೆಚ್ಚಿಯೂ ಬರೆದರು. ಆದರೆ ಮುಂದಿನ ಹಂತದ ಕೋರ್ಸುಗಳಲ್ಲಿ ಚೆನ್ನಾಗಿ ಮಾಡಿದವರು ಅನುಭವಿ ಅಧ್ಯಾಪಕರ ಕೈಯಲ್ಲಿ ಪಳಗಿದವರು. ಅಂದರೆ ಇಂದಿನ ಪಾಠದ ಗುಣ ಕಾಣಿಸಿಕೊಳ್ಳುವುದು ಮುಂದಿನ ವರ್ಷ, ಇನ್ನೊಬ್ಬರ ತರಗತಿಯಲ್ಲಿ. ವಿದ್ಯಾರ್ಥಿಗಳ ಮೆಚ್ಚುಗೆ ಹಾಗೂ ತತ್‌ಕ್ಷಣದ ಫಲಿತಾಂಶವನ್ನಷ್ಟೇ ನೋಡಿ ವ್ಯಕ್ತಿಗೆ ಹಾರ ಹಾಕುವ ಪದ್ಧತಿ ಈ ಸತ್ಯವನ್ನು ಕಾಣಲಾರದು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಭೌತಶಾಸ್ತ್ರದ ಎರಡು ದೊಡ್ಡ ತರಗತಿಗಳು. ಒಂದೊಂದರಲ್ಲೂ ಸುಮಾರು 270 ವಿದ್ಯಾರ್ಥಿಗಳು. ಒಂದರಲ್ಲಿ ವಿದ್ಯಾರ್ಥಿಗಳ ಮೆಚ್ಚುಗೆ ಗಳಿಸಿದ್ದ ಹಿರಿಯ ಪ್ರಾಧ್ಯಾಪಕರು ಎಂದಿನಂತೆ ಉಪನ್ಯಾಸ ನೀಡಿದರು. ಇನ್ನೊಂದರಲ್ಲಿ ಅಷ್ಟೇನೂ ಬೋಧನಾನುಭವವಿಲ್ಲದ ಕಿರಿಯರು ಒಂದು ವಾರದ ಮಟ್ಟಿಗೆ ಪ್ರಶ್ನೆ, ಚರ್ಚೆ, ಗುಂಪುಕೆಲಸಗಳ ಮೂಲಕ ಅದೇ ಪಾಠ ಮಾಡಿದರು. ನಂತರದ ಪರೀಕ್ಷೆಯಲ್ಲಿ ಮೊದಲ ತರಗತಿಯ ಸರಾಸರಿ ಶೇ 41, ಎರಡನೆಯದು ಶೇ 74. ಒಂದು ವಾರದ ಪ್ರಯೋಗದಿಂದ ಎಲ್ಲವೂ ಸಾಬೀತಾಯಿತೆನ್ನಲಾಗದು. ಆದರೂ ಅದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ವಾಗ್ಮಿತೆ ವ್ಯಕ್ತಿಯ ಸೊತ್ತು, ವಿಧಾನ ಮಾತ್ರ ಎಲ್ಲರೂ ಕಲಿಯಬಹುದಾದದ್ದು, ಹಂಚಿಕೊಳ್ಳಬಹುದಾದದ್ದು.

ಆ ಪ್ರಯೋಗದ ಹಿಂದಿದ್ದವರಲ್ಲಿ 2001ರ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಒಬ್ಬರು. ಅವರು 2006ರಲ್ಲಿ ಕೊಲರಾಡೊದಲ್ಲಿ, 2007ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ವಿಜ್ಞಾನ ಬೋಧನೆಯ ಸುಧಾರಣೆಗೆ ಕೈಹಾಕಿದಾಗ ಹಣ ಕೊಟ್ಟದ್ದು ವ್ಯಕ್ತಿಗಳಿಗಲ್ಲ, ಪರಸ್ಪರ ಸ್ಪರ್ಧಿಸಿ ಯೋಜನೆ ಸಲ್ಲಿಸಿದ ವಿಭಾಗಗಳಿಗೆ. ಯಾವ ಕೋರ್ಸಿನಲ್ಲಿ ಏನನ್ನು ಹೇಗೆ ಕಲಿಸಬೇಕೆಂಬುದು ನಿರ್ಧಾರವಾಗುವುದು ವಿಭಾಗದಲ್ಲಿ. ಹೀಗಾಗಿ ಬದಲಾವಣೆಯ ಘಟಕವೂ ವಿಭಾಗವೇ ಆಗಬೇಕೆಂಬುದು ಅವರ ವಾದ.

ನಮಗೆ ಹೊಸತಲ್ಲದ ಪರಂಪರೆ

ಇದು ವಿದೇಶದಿಂದ ಆಮದು ಮಾಡಿಕೊಳ್ಳಬೇಕಾದ ಕಲ್ಪನೆಯೇನಲ್ಲ. 1921ರಲ್ಲಿ ಮೈಸೂರಿನಿಂದ ಕಲ್ಕತ್ತಕ್ಕೆ ಹೊರಟ ಸರ್ವೆಪಲ್ಲಿ ರಾಧಾಕೃಷ್ಣನ್ ಅವರನ್ನು ವಿದ್ಯಾರ್ಥಿಗಳು ಸಾರೋಟಿನಲ್ಲಿ ಕೂರಿಸಿ ತಾವೇ ಎಳೆದು ರೈಲು ನಿಲ್ದಾಣಕ್ಕೆ ತಲುಪಿಸಿದ ಪ್ರಸಂಗವನ್ನು ನಾವು ಮತ್ತೆ ಮತ್ತೆ ಸ್ಮರಿಸುತ್ತೇವೆ. ಅದೇ ಮಹಾರಾಜ ಕಾಲೇಜಿನಲ್ಲಿ ಎಂ. ಹಿರಿಯಣ್ಣನವರಂಥ ವಿದ್ವಾಂಸರೂ ಸದ್ದಿಲ್ಲದೆ ಪಾಠ ಹೇಳುತ್ತಿದ್ದುದನ್ನು ನೆನೆಯುವವರು ಕಡಿಮೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಆರಂಭವಾದದ್ದು 1927ರಲ್ಲಿ. ಟಿ.ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿ 1929ರಲ್ಲಿ ಪದವಿ ಪಡೆದ ಕುವೆಂಪು ಅದೇ ವರ್ಷ ಅಧ್ಯಾಪಕರಾದರು. ಕುವೆಂಪು ಅವರ ಶಿಷ್ಯ ಜಿ.ಎಸ್. ಶಿವರುದ್ರಪ್ಪನವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವನ್ನು ಮುನ್ನಡೆಸಿದರು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಗುರು ವೆಂಕಣ್ಣಯ್ಯನವರಿಗೆ. ಇದನ್ನು ಗುರುಭಕ್ತಿಯ ಕಥೆಯೆಂದು ಮಾತ್ರ ಓದಿದರೆ ಸಾಲದು. ಒಂದು ತಲೆಮಾರಿನ ಪಾಠ ಮುಂದಿನ ತಲೆಮಾರಿನ ಅಧ್ಯಾಪಕರನ್ನು ರೂಪಿಸುವಷ್ಟು ಕಾಲ ವಿಭಾಗವೊಂದು ನೆಲೆನಿಂತಿದ್ದರ ಫಲವದು.

ಇಂದಿನ ಸ್ಥಿತಿ

ವಿಭಾಗಗಳನ್ನು ಗುರುತಿಸುವ ಪದ್ಧತಿ ಭಾರತದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 1963ರಲ್ಲಿ ಆರಂಭಿಸಿದ ಉನ್ನತ ಅಧ್ಯಯನ ಕೇಂದ್ರಗಳ ಯೋಜನೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಫಿಸ್ಟ್’ ಅನುದಾನ ಇವೆಲ್ಲ ವಿಭಾಗಗಳಿಗೇ ಸಂದವು. ಆದರೆ ಅಲ್ಲಿ ತೂಗಿದ್ದು ಮುಖ್ಯವಾಗಿ ಸಂಶೋಧನೆಯನ್ನು. ಯುಜಿಸಿಯ 2010ರ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿ ತಂದ ಮೇಲೆ ಪ್ರಬಂಧಗಳ ಸಂಖ್ಯೆ ಏರಿತು. ತರಗತಿಯ ಪಾಠ ಏರಿತೆಂದು ಯಾರೂ ಹೇಳುತ್ತಿಲ್ಲ. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ ಬೋಧನೆ, ಕಲಿಕೆ ಮತ್ತು ಸಂಪನ್ಮೂಲಕ್ಕೆ ವಿಶ್ವವಿದ್ಯಾಲಯಗಳ ಮಟ್ಟಿಗೆ ಶೇ 30ರ ಮಹತ್ವವಿದೆಯಾದರೂ ಅಲ್ಲಿ ಪ್ರಧಾನವಾಗಿ ಎಣಿಸುವುದು ವಿದ್ಯಾರ್ಥಿಗಳ ಸಂಖ್ಯೆ, ಅಧ್ಯಾಪಕರ ಅನುಪಾತ, ಪಿಎಚ್.ಡಿ. ಪಡೆದವರ ಪ್ರಮಾಣ ಮತ್ತು ವೆಚ್ಚದ ಲೆಕ್ಕಗಳನ್ನು. ತರಗತಿಯ ಬಾಗಿಲು ತೆರೆದು ನೋಡುವವರಿಲ್ಲ.

ಕರ್ನಾಟಕದಲ್ಲಿ ಸಮಸ್ಯೆ ಇನ್ನೂ ಆಳವಾಗಿದೆ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಅಧಿಕ ಅತಿಥಿ ಉಪನ್ಯಾಸಕರನ್ನು ನಂಬಿಕೊಂಡಿವೆ. ಅನೇಕ ಕಡೆ ವಿಭಾಗವೆಂದರೆ ಒಬ್ಬರು ಕಾಯಂ ಅಧ್ಯಾಪಕರು, ಉಳಿದವರೆಲ್ಲ ಅತಿಥಿಗಳು. ಮುಂದಿನ ವರ್ಷ ತಾನು ಇಲ್ಲೇ ಇರುತ್ತೇನೋ ಇಲ್ಲವೋ ಎಂಬುದು ತಿಳಿಯದ ಅಧ್ಯಾಪಕರಿಂದ ಮೂರು ವರ್ಷಗಳ ಬೋಧನಾ ಯೋಜನೆಯನ್ನು ನಿರೀಕ್ಷಿಸುವುದು ಹೇಗೆ? ಇದರ ನಡುವೆ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮ ಎರಡೆರಡು ಬಾರಿ ಬದಲಾಯಿತು. ಇಂಥ ಏರಿಳಿತಗಳಲ್ಲಿ ವಿದ್ಯಾರ್ಥಿಯ ಕೈಹಿಡಿದು ದಡ ಸೇರಿಸಬಲ್ಲದ್ದು ಗಟ್ಟಿಯಾದ ವಿಭಾಗ ಮಾತ್ರ. ಈ ಕಾಲೇಜುಗಳ ಬೆಂಚಿನ ಮೇಲೆ ಕುಳಿತವರಲ್ಲಿ ಅನೇಕರು ಮನೆಯಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದವರು. ಕಾಲೇಜಿನಲ್ಲಿ ತಪ್ಪಿಹೋದದ್ದನ್ನು ಮನೆಪಾಠದಲ್ಲಿ ತುಂಬಿಕೊಳ್ಳುವ ಶಕ್ತಿ ಅವರಿಗಿಲ್ಲ.

ಹಾಗಾದರೆ ವಿಭಾಗಕ್ಕೊಂದು ಪ್ರಶಸ್ತಿ ಕೊಟ್ಟರೆ ಎಲ್ಲ ಸರಿಹೋದೀತೇ? ಖಂಡಿತ ಇಲ್ಲ. ಅದರ ಅಪಾಯಗಳನ್ನೂ ಅರಿತಿರಬೇಕು. ದುಡಿದವರ ಜತೆ ದುಡಿಯದವರಿಗೂ ಕೀರ್ತಿ ಸಿಗುತ್ತದೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಹುರುಳಿದೆ. ಆದರೆ ಸೋಮಾರಿ ಸಹೋದ್ಯೋಗಿಯನ್ನು ಎಚ್ಚರಿಸುವ ಹೊಣೆ ವಿಭಾಗದ ಮೇಲೆ ಬೀಳುವುದು ಒಳ್ಳೆಯದೇ ಅಲ್ಲವೇ? ಇಂದು ಆ ಹೊಣೆ ಯಾರದೂ ಅಲ್ಲ.

ಎರಡನೆಯ ಅಪಾಯ ದೊಡ್ಡದು. ಪ್ರಶಸ್ತಿಯೇ ಮತ್ತೊಂದು ಕಡತಯಜ್ಞವಾಗುವುದು. ಇಂಗ್ಲೆಂಡ್ ಸರ್ಕಾರ 2017ರಲ್ಲಿ ವಿಶ್ವವಿದ್ಯಾಲಯಗಳ ಬೋಧನೆಗೆ ಚಿನ್ನ, ಬೆಳ್ಳಿ, ಕಂಚಿನ ದರ್ಜೆ ನೀಡತೊಡಗಿತು. ಅದನ್ನು ಒಂದೊಂದು ವಿಷಯಕ್ಕೂ ವಿಸ್ತರಿಸುವ ಪ್ರಯೋಗವೂ ನಡೆಯಿತು. ಆದರೆ ಸ್ವತಂತ್ರ ಪರಾಮರ್ಶೆ ಅದನ್ನು ಬೆಂಬಲಿಸದ ಕಾರಣ 2021ರಲ್ಲಿ ಆ ವಿಸ್ತರಣೆಯನ್ನು ಕೈಬಿಡಲಾಯಿತು. ನಮ್ಮಲ್ಲಂತೂ 2025ರ ಫೆಬ್ರುವರಿಯಲ್ಲಿ ನ್ಯಾಕ್ ಪರಿಶೀಲನಾ ಸಮಿತಿಯ ಸದಸ್ಯರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. ಸಮಿತಿ ಬರುವ ಮುನ್ನಾದಿನ ಗೋಡೆಗೆ ಸುಣ್ಣ, ಕಡತಕ್ಕೆ ಹೊಸ ರಟ್ಟು ಎಂಬ ಸಂಸ್ಕೃತಿಯೊಳಗೆ ಇನ್ನೊಂದು ಸ್ಪರ್ಧೆಯನ್ನು ತಂದು ಸೇರಿಸಿದರೆ ಕೆಡುವುದು ಅಳಿದುಳಿದ ಪಾಠವೇ.

ಹೇಗಿರಬೇಕು ಪ್ರಶಸ್ತಿ?

ಆದ್ದರಿಂದ ಪ್ರಶಸ್ತಿಯ ಸ್ವರೂಪ ಸರಳವಾಗಿರಬೇಕು, ಅದರ ನೋಟ ಸರಿಯಾದ ಕಡೆಗಿರಬೇಕು. ಪ್ರತಿ ವಿಶ್ವವಿದ್ಯಾಲಯ ವರ್ಷಕ್ಕೆ ಒಂದೇ ವಿಭಾಗವನ್ನು ಆರಿಸಲಿ. ಅರ್ಹ ವಿಭಾಗ ಸಿಗದ ವರ್ಷ ಯಾರಿಗೂ ಕೊಡದಿರಲಿ. ಅರ್ಜಿ ಐದು ಪುಟ ಮೀರದಿರಲಿ. ಪರಿಶೀಲನೆಗೆ ಬರುವವರು ದಿನಾಂಕ ತಿಳಿಸದೆ ಬಂದು ಮೊದಲ ಸೆಮಿಸ್ಟರಿನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲಿ. ತಿದ್ದಿದ ಉತ್ತರಪತ್ರಿಕೆಗಳನ್ನು ತೆಗೆದು ನೋಡಲಿ. ಮೂರು ವರ್ಷದ ಹಿಂದೆ ಹೊರಹೋದ ವಿದ್ಯಾರ್ಥಿಗಳನ್ನು, ಅದರಲ್ಲೂ ರ‍್ಯಾಂಕ್ ಬರದವರನ್ನು ಮಾತನಾಡಿಸಲಿ. ಒಂದು ಹಂತದಲ್ಲಿ ಕಲಿತದ್ದು ಮುಂದಿನ ಹಂತದಲ್ಲಿ ಉಪಯೋಗಕ್ಕೆ ಬಂದಿತೇ ಎಂದು ಕೇಳಲಿ. ಹೆಚ್ಚು ಅಂಕ ಪಡೆದವರನ್ನೇ ಸೇರಿಸಿಕೊಂಡು ಹೆಚ್ಚು ಅಂಕ ತೆಗೆಸುವ ವಿಭಾಗಕ್ಕಿಂತ, ಶೇ 40ರ ಆಸುಪಾಸಿನಲ್ಲಿ ಬಂದವರನ್ನು ಧೈರ್ಯವಾಗಿ ನಿಲ್ಲಿಸುವ ವಿಭಾಗ ದೊಡ್ಡದೆಂಬ ತಿಳಿವಳಿಕೆ ಆಯ್ಕೆಗಾರರಿಗಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶಸ್ತಿಪತ್ರದಲ್ಲಿ ಅತಿಥಿ ಉಪನ್ಯಾಸಕರ ಹೆಸರೂ ಇರಬೇಕು. ಪ್ರಯೋಗಾಲಯದ ಸಹಾಯಕರ ಹೆಸರೂ ಇರಬೇಕು. ನಗದು ಮನೆಗೆ ಹೋಗದೆ ವಿಭಾಗದ ಗ್ರಂಥಾಲಯಕ್ಕೆ, ಪೂರಕ ತರಗತಿಗೆ, ಉಪಕರಣಕ್ಕೆ ಸಲ್ಲಲಿ. ಪ್ರಶಸ್ತಿ ಪಡೆದ ವಿಭಾಗದವರನ್ನು ಮರುವರ್ಷವೇ ಚದುರಿಸಿ ವರ್ಗಾಯಿಸುವುದಿಲ್ಲ, ಅಲ್ಲಿನ ಅತಿಥಿ ಉಪನ್ಯಾಸಕರನ್ನು ಕನಿಷ್ಠ ಮೂರು ವರ್ಷ ಮುಂದುವರಿಸಲಾಗುತ್ತದೆ ಎಂಬ ಭರವಸೆಯನ್ನು ಸರ್ಕಾರ ನೀಡಬಲ್ಲುದಾದರೆ ಯಾವ ನಗದಿಗಿಂತಲೂ ಅದು ದೊಡ್ಡ ಬಹುಮಾನ.

ಇದನ್ನು ಬರೆದುಕೊಡಲು ಸರ್ಕಾರ ಹಿಂಜರಿಯುವುದಾದರೆ, ಒಳ್ಳೆಯ ವಿಭಾಗಗಳು ಏಕೆ ವಿರಳ ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರವಿದೆ. ಶಾಲು ಹೊದಿಸುವುದು ಒಂದು ದಿನದ ಕೆಲಸ. ನಾಲ್ಕು ಜನ ಒಟ್ಟಿಗೆ ಹತ್ತು ವರ್ಷ ಪಾಠ ಮಾಡುವಂತೆ ನೋಡಿಕೊಳ್ಳುವುದು ಆಡಳಿತದ ಕೆಲಸ. ಮೊದಲನೆಯದರಲ್ಲಿ ನಾವು ಸಾಕಷ್ಟು ಪಳಗಿದ್ದೇವೆ. ಎರಡನೆಯದಕ್ಕೆ ಇನ್ನು ತೊಡಗಬೇಕು.