ಇಂಗುಗುಂಡಿಯ ಪಕ್ಕದ ಮಣ್ಣಿನಲ್ಲಿ ಏನಿದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೋಲಾರ ಜಿಲ್ಲೆಯ ಮುಳಬಾಗಿಲು ಪಟ್ಟಣದ ಅಂತರ್ಜಲವನ್ನು ಪರೀಕ್ಷಿಸಿದಾಗ ನೈಟ್ರೇಟ್ ಮಿತಿ ಮೀರಿದ್ದು ಕಂಡುಬಂತು. ಪಾಯಿಖಾನೆ ಗುಂಡಿಗಳಿಂದ ಇಂಗಿದ ನೀರೇ ಅದರ ಮೂಲ ಎಂದು ಅವರು ಗುರುತಿಸಿದರು. ನಮ್ಮಲ್ಲಿ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು. ಹೆಚ್ಚಾದರೆ ಮೊದಲು ಅಪಾಯವಾಗುವುದು ಎಳೆಯ ಕೂಸುಗಳಿಗೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮಗುವಿನ ಮೈ ನೀಲಿಗಟ್ಟುತ್ತದೆ.

ಇಷ್ಟು ತಿಳಿದ ಮೇಲೆ ಹಿತ್ತಿಲ ಮಣ್ಣನ್ನು ಪರೀಕ್ಷೆ ಮಾಡಿಸೋಣ ಅನ್ನಿಸುವುದು ಸಹಜ. ಆದರೆ ಗುಂಡಿಯಿಂದ ಹೊರಬಿದ್ದದ್ದೆಲ್ಲ ಮಣ್ಣಿನಲ್ಲೇ ಉಳಿಯುವುದಿಲ್ಲ. ಮಲಮೂತ್ರದ ಸಾರಜನಕ ಮೊದಲು ಅಮೋನಿಯಂ ರೂಪದಲ್ಲಿರುತ್ತದೆ. ಅದರದು ಧನ ವಿದ್ಯುದಂಶ, ಜೇಡಿಯ ಕಣಗಳದು ಋಣ, ಹಾಗಾಗಿ ಅಂಟಿಕೊಳ್ಳುತ್ತದೆ. ಗಾಳಿ ಸಿಕ್ಕ ಕಡೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿಸುತ್ತವೆ. ನೈಟ್ರೇಟಿನದೂ ಋಣ ಅಂಶವೇ. ಜೇಡಿ ಅದನ್ನು ಹಿಡಿಯುವುದಿಲ್ಲ, ಮಳೆನೀರಿನೊಂದಿಗೆ ಅದು ಬಾವಿಯ ಕಡೆ ಇಳಿದುಹೋಗುತ್ತದೆ. ರಂಜಕ ಹಾಗಲ್ಲ. ಕೆಂಪು ಮಣ್ಣಿನ ಕಬ್ಬಿಣಕ್ಕೆ ಕಚ್ಚಿಕೊಂಡು ಗುಂಡಿಯ ಸುತ್ತಲೇ ಜಮೆಯಾಗುತ್ತದೆ. ಸೀಸ, ಸತುವಿನಂಥ ಲೋಹಗಳೂ ಬಹುಮಟ್ಟಿಗೆ ಹಾಗೆಯೇ. ಆದ್ದರಿಂದ ಮಣ್ಣಿನಲ್ಲಿ ನೈಟ್ರೇಟ್ ಕಡಿಮೆ ಎಂದು ವರದಿ ಬಂದ ಮಾತ್ರಕ್ಕೆ ನೆಮ್ಮದಿಯಾಗಿರಬೇಡಿ. ಅದು ಆಗಲೇ ನೀರಿಗೆ ಸೇರಿರಬಹುದು.

ಮಣ್ಣು ತೆಗೆಯುವ ಕ್ರಮವೂ ಬೇರೆ. ಹೊಲದ ಪರೀಕ್ಷೆಗೆ ರೈತರು ಹತ್ತು ಕಡೆಯ ಮಣ್ಣನ್ನು ಕಲಸಿ ಅರ್ಧ ಕಿಲೋ ಕೊಡುತ್ತಾರೆ. ಗೊಬ್ಬರದ ಲೆಕ್ಕಕ್ಕೆ ಸರಾಸರಿ ಸಾಕು. ಇಲ್ಲಿ ಕಲಸಿದರೆ ಕೆಟ್ಟ ಜಾಗ ಒಳ್ಳೆಯ ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ. ಇಂಗುಗುಂಡಿಯ ಇಳಿಜಾರಿನ ಬದಿಯಲ್ಲಿ ಬೈರಿಗೆಯಿಂದ ಕೊರೆದು, ಮೇಲ್ಮಣ್ಣಿನದೊಂದು, ಗುಂಡಿಯ ತಳದ ಮಟ್ಟದ್ದೊಂದು ಎಂದು ಬೇರೆಬೇರೆಯಾಗಿಯೇ ತೆಗೆಯಬೇಕು. ಸ್ವಲ್ಪ ದೂರ ಸರಿದು ಮತ್ತೊಂದು ಕಡೆಯೂ ಕೊರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗುಂಡಿಯ ನೀರು ಮುಟ್ಟದ ಎತ್ತರದ ಬದಿಯಿಂದಲೂ ಅಷ್ಟೇ ಆಳದ ಮಣ್ಣು ಬೇಕು. ಈ ಹೋಲಿಕೆ ಇಲ್ಲದಿದ್ದರೆ ವರದಿಯ ಅಂಕಿಗಳಿಗೆ ಅರ್ಥವೇ ಇಲ್ಲ, ಏಕೆಂದರೆ ಲೋಹಗಳು ಪ್ರತಿ ಮಣ್ಣಿನಲ್ಲೂ ಸಹಜವಾಗಿ ಅಷ್ಟಿಷ್ಟು ಇದ್ದೇ ಇರುತ್ತವೆ. ಸತುವಿನ ಲೇಪವಿರುವ ಸಲಕರಣೆ ಬಳಸಿದರೆ ಸತುವಿನ ಲೆಕ್ಕ ತಪ್ಪುತ್ತದೆ.

ನೈಟ್ರೇಟಿಗೆಂದು ತೆಗೆದ ಮಣ್ಣನ್ನು ತಣ್ಣಗಿಟ್ಟು ಬೇಗ ತಲುಪಿಸಬೇಕು. ಬೆಚ್ಚಗಿದ್ದರೆ ಚೀಲದೊಳಗೇ ಬ್ಯಾಕ್ಟೀರಿಯಾಗಳು ಕೆಲಸ ಮುಂದುವರಿಸುತ್ತವೆ. ಥಿನ್ನರ್, ಪೇಂಟ್ ತೆಗೆಯುವ ದ್ರಾವಣ ಇಂಥವನ್ನು ಯಾರಾದರೂ ಬಚ್ಚಲಿಗೆ ಸುರಿದಿರುವ ಅನುಮಾನವಿದ್ದರೆ ಗಾಜಿನ ಜಾಡಿಗೆ ಗಾಳಿಗೆ ಎಡೆಯಿಲ್ಲದಂತೆ ಮಣ್ಣು ತುಂಬಿ ಮಂಜುಗಡ್ಡೆಯಲ್ಲಿಡಬೇಕು. ಬಿಸಿಲಿಗೆ ಹರಡಿದರೆ ಆ ರಾಸಾಯನಿಕ ಆರಿಹೋಗಿ, ಮಣ್ಣು ಚೊಕ್ಕಟವಾಗಿದೆ ಎಂಬ ಸುಳ್ಳು ಉತ್ತರ ಬರುತ್ತದೆ. ಜಾಡಿ ಯಾವುದು, ಎಷ್ಟು ಹೊತ್ತಿನೊಳಗೆ ತಲುಪಿಸಬೇಕು ಎಂದು ಅಗೆಯುವ ಮೊದಲೇ ಪ್ರಯೋಗಾಲಯವನ್ನು ಕೇಳಿ.

ಏನನ್ನು ಹುಡುಕಬೇಕೆಂದೂ ನೀವೇ ಹೇಳಬೇಕಾಗುತ್ತದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಸೇರಿ 12 ಅಂಶಗಳಿವೆ. ಬೆಳೆಗೆ ಬೇಕಾದ ಪಟ್ಟಿ ಅದು, ಸೀಸವಾಗಲಿ ಥಿನ್ನರ್ ಆಗಲಿ ಅದರಲ್ಲಿಲ್ಲ. ಮನೆಬಳಕೆಯ ಗುಂಡಿಯಾದರೆ ನೈಟ್ರೇಟ್, ಅಮೋನಿಯಂ, ಕ್ಲೋರೈಡ್, ಲವಣಾಂಶ ಕೇಳಿ. ಮನೆಯಲ್ಲೇ ಬ್ಯಾಟರಿ ರಿಪೇರಿಯೋ ಪೇಂಟಿಂಗ್ ಕೆಲಸವೋ ನಡೆಯುತ್ತಿದ್ದರೆ ಲೋಹ ಮತ್ತು ದ್ರಾವಕಗಳ ಪರೀಕ್ಷೆಯನ್ನೂ ಕೇಳಿ.

ಮಾದರಿಗಾಗಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಮಾತ್ರ ತೆಗೆಯಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿನಲ್ಲೇ ಮನುಷ್ಯನನ್ನು ಕೆಡವಬಲ್ಲದು. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 18 ಮೀಟರ್ ಅಂತರವಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಇವತ್ತೇ ಟೇಪು ಹಿಡಿದು ಅಳೆದು ನೋಡಿ. ಅಷ್ಟು ದೂರ ಇಲ್ಲವೆಂದಾದರೆ ಮಣ್ಣಿಗಿಂತ ಮೊದಲು ಬಾವಿಯ ನೀರನ್ನು ಪರೀಕ್ಷೆಗೆ ಕೊಡಿ.